ಕೊಟ್ಟೆ ಎನ್ನುವ ಮಾತು

ಗಡಿ ಪಟ್ಟಣದ ನ್ಯಾಯಾಲಯದಲ್ಲಿ ಅವಳನ್ನು ಎಲ್ಲರೂ ಬೆಟ್ಟದ ಮೇಡಂ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಟ್ಟದ ಹುಡುಗಿ ಎನ್ನುತ್ತಿದ್ದವರು, ಕಿವಿಯ ಪಕ್ಕ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ ಮೇಡಂ ಎಂದು ಬಡ್ತಿ ಕೊಟ್ಟಿದ್ದರು. ಸರ್ಕಾರ ಮಾತ್ರ ಇನ್ನೂ ಕೊಟ್ಟಿರಲಿಲ್ಲ. ಅವಳ ಕೆಲಸ ದುಭಾಷಿಯದು. ಸಾಕ್ಷಿಕಟ್ಟೆಯ ಎಡಕ್ಕೆ ಒಂದು ಮರದ ಸ್ಟೂಲು, ಅದರ ಮೇಲೆ ಅವಳು. ಕುರಿ ಗಡಿ ದಾಟಿತೆಂದೋ, ಸೌದೆ ಕಡಿದರೆಂದೋ, ಪರವಾನಗಿ ಇಲ್ಲದೆ ಆಚೆಯ ನೆಂಟರ ಮನೆಗೆ ಹೋಗಿಬಂದರೆಂದೋ ಬೆಟ್ಟದ ಜನ ಸಿಕ್ಕಿಬಿದ್ದು ಬಂದು ನಿಂತಾಗ, ಅವರ ಮಾತನ್ನು ನ್ಯಾಯಾಧೀಶ ಸಾಹೇಬರಿಗೂ ಸಾಹೇಬರ ಮಾತನ್ನು ಅವರಿಗೂ ತಿರುಗಿಸಿ ಹೇಳಬೇಕು. ಬೆಟ್ಟದ ನೆತ್ತಿಯ ಮೇಲೆ ಎರಡು ದೇಶಗಳ ಗಡಿಗಲ್ಲುಗಳಿದ್ದವು. ಕಲ್ಲಿನ ಆಚೆಗೂ ಈಚೆಗೂ ಅದೇ ಜನ, ಅದೇ ಮಾತು. ಆ ಮಾತಿಗೆ ಲಿಪಿ ಇರಲಿಲ್ಲ.

ಅವಳು ಒಂದು ಪದ ಸೇರಿಸುತ್ತಿರಲಿಲ್ಲ, ಒಂದು ಪದ ಬಿಡುತ್ತಿರಲಿಲ್ಲ. ಸಾಕ್ಷಿ ಉಗುಳು ನುಂಗಿದರೆ ಅದನ್ನೂ ತಿರುಗಿಸಿ ಹೇಳಿಯಾಳು ಎಂದು ವಕೀಲರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಅವಳಿಗೆ ಹತ್ತು ವರ್ಷವಿದ್ದಾಗ ಅದೇ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಕೋಟು, ನುಣ್ಣಗೆ ಬೋಳಿಸಿದ ಗಲ್ಲ. ಊರೆಲ್ಲ ಅವರನ್ನು ದೊಡ್ಡ ದುಭಾಷಿ ಎನ್ನುತ್ತಿತ್ತು. ಆ ದಿನ ಕಟ್ಟೆಯಲ್ಲಿ ನಿಂತಿದ್ದವನು ಅವಳ ಅಪ್ಪ. ಇಪ್ಪತ್ತೆರಡು ಮನೆಗಳ ಹಳ್ಳಿ ತನ್ನ ಪರವಾಗಿ ಮಾತಾಡಲು ಅವನನ್ನು ಕಳಿಸಿತ್ತು. ಹಳ್ಳಿಯ ಮೇಲಿನ ಹುಲ್ಲಿನ ಇಳಿಜಾರಿನಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಲಾರಿ ಓಡಿಸುತ್ತೇವೆಂದು ಕಲ್ಲು ಕ್ವಾರಿಯವರು ಕೇಳಿದ್ದರು, ಹಳ್ಳಿ ಒಪ್ಪಿತ್ತು. ಆಮೇಲೆ ಇಳಿಜಾರೇ ತಮ್ಮದೆಂದು ಅವರು ಕೂತುಬಿಟ್ಟಿದ್ದರು. ಅಪ್ಪ ಪಟ್ಟಣದ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳನ್ನು ನೋಡಿಕೊಂಡು, ಅವಳ ಕೈ ಹಿಡಿದೇ ನ್ಯಾಯಾಲಯದೊಳಕ್ಕೆ ಬಂದಿದ್ದ. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. ಇಳಿಜಾರನ್ನು ಕೊಟ್ಟಿದ್ದೀರೋ ಇಲ್ಲವೋ?

ಬೆಟ್ಟದ ಮಾತಿನಲ್ಲಿ ಕೊಡುವುದಕ್ಕೆ ಎರಡು ಪದ. ಬಳಸಿಕೊಂಡು ತಿರುಗಿ ತಂದುಕೊಡು ಎಂದು ಕೊಟ್ಟರೆ ಅದು ‘ಸೂಮ’. ಕೊಟ್ಟು ಕೈತೊಳೆದುಕೊಂಡರೆ ಅದು ‘ಖೇರ’. ಒಂದಕ್ಕೆ ಇನ್ನೊಂದನ್ನು ಹಾಲು ಕುಡಿಯುವ ಮಗುವೂ ಹೇಳುವುದಿಲ್ಲ. ಅಪ್ಪ ‘ಸೂಮ’ ಎಂದ. ಸಾಹೇಬರ ಮುಖ ನೋಡಿ ಇನ್ನೊಮ್ಮೆ ‘ಸೂಮ’ ಎಂದ. ದೊಡ್ಡ ದುಭಾಷಿ ಸಾಹೇಬರ ಕಡೆ ತಿರುಗಿ, “ಕೊಟ್ಟಿದೀವಿ ಅಂತಾನೆ ಸ್ವಾಮಿ,” ಎಂದರು. ಎರವಲು ಎಂಬ ಒಂದು ಪದ ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ.

ಎರಡು ವರ್ಷ ಹಾಸ್ಟೆಲಿನಲ್ಲಿದ್ದ ಹುಡುಗಿಗೆ ಅಷ್ಟು ಗೊತ್ತಾಯಿತು. ಅಪ್ಪನ ತೋಳು ಜಗ್ಗಿದಳು. ಅವರು ತಪ್ಪು ಹೇಳಿದರಪ್ಪಾ ಎಂದಳು. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದೆಂದು ಅಪ್ಪ ಅವಳ ತಲೆಗೆ ಮೆತ್ತಗೆ ಮೊಟಕಿ, ಗುಮಾಸ್ತ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದ. ಅವಳು ಸುಮ್ಮನಾದಳು. ಆ ಸುಮ್ಮನಾದದ್ದು ಮುಂದೆ ಮೂವತ್ತೊಂದು ವರ್ಷ ಅವಳ ಗಂಟಲಲ್ಲೇ ಕೂತಿತ್ತು.

ಇಳಿಜಾರು ಹೋಯಿತು. ಕಲ್ಲಿನ ಪುಡಿ ಬಿದ್ದು ಒರತೆ ಮುಚ್ಚಿತು. ಇಪ್ಪತ್ತೆರಡು ಮನೆಗಳೂ ಇಳಿದು ಬಂದು ಕ್ವಾರಿಯ ಬುಡದ ತಗಡಿನ ಸಾಲುಮನೆಗಳನ್ನು ಸೇರಿದವು, ತಮ್ಮ ಬೆಟ್ಟವನ್ನು ತಾವೇ ಒಡೆಯುವ ಕೂಲಿಗೆ ನಿಂತವು. ಇಳಿಜಾರನ್ನು ಕೊಟ್ಟು ಬಂದವನು ಅವಳಪ್ಪ ಎಂದು ಎಲ್ಲರೂ ನಂಬಿದರು. ತನ್ನ ಪಾಲಿಗೆ ಏನೋ ಗಿಟ್ಟಿಸಿಕೊಂಡಿರಬೇಕು ಎಂದರು. ಅವನ ಜೊತೆ ಕೂತು ಉಣ್ಣುವುದನ್ನು ಬಿಟ್ಟರು. ಅಮ್ಮ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಎಂಟು ವರ್ಷ ಕಲ್ಲು ಒಡೆದು ಎದೆಯಲ್ಲಿ ಧೂಳು ತುಂಬಿ ಅಪ್ಪ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಒಬ್ಬರೂ ಬರಲಿಲ್ಲ. ಕ್ವಾರಿಯ ಕೈಗಾಡಿಯಲ್ಲಿ ಅಮ್ಮ, ಮಗಳು ಇಬ್ಬರೇ ಸಾಗಿಸಿದರು. ಅಪ್ಪ ಕೊನೆಗೆ ಹೇಳಿದ ಮಾತೂ ಅದೇ: “ನಾನೇ ಏನೋ ತಪ್ಪಾಗಿ ಹೇಳಿರ್ಬೇಕು ಕಣಮ್ಮ.” ಇಲ್ಲಪ್ಪ ಎಂದು ಅವಳು ಹೇಳಿದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ.

ಹದಿನೆಂಟರ ಅವಳು ಆವತ್ತೇ ತೀರ್ಮಾನಿಸಿದಳು. ಆ ಮನುಷ್ಯನ ಬಾಯಿಂದಲೇ ಇದನ್ನು ಹೊರಗೆ ಹಾಕಿಸಬೇಕು.

ಓದಿದಳು. ಇಪ್ಪತ್ತೆರಡಕ್ಕೆ ಸಹಾಯಕ ದುಭಾಷಿಯಾಗಿ ಅದೇ ನ್ಯಾಯಾಲಯ ಸೇರಿದಳು. ಅರ್ಜಿಯಲ್ಲಿ ಹಾಸ್ಟೆಲಿನ ವಿಳಾಸವಿತ್ತು, ಯಾರ ಮಗಳೆಂದು ದೊಡ್ಡ ದುಭಾಷಿ ಕೇಳಲಿಲ್ಲ. ಎರಡು ವರ್ಷ ಅವರ ಪಕ್ಕದಲ್ಲಿ ಕೂತು ಕೆಲಸ ಕಲಿತಳು. ಅವರು ಒಳ್ಳೆಯ ಗುರು, ಬೈಯುತ್ತಿರಲಿಲ್ಲ, ಕೆಮ್ಮಿದರೆ ಬಿಸಿನೀರು ತರಿಸುತ್ತಿದ್ದರು. ಅದಕ್ಕೇ ಅವಳ ದ್ವೇಷಕ್ಕೆ ಇನ್ನಷ್ಟು ಕಷ್ಟವಾಯಿತು, ಆದರೆ ಅದು ಕಡಿಮೆಯಾಗಲಿಲ್ಲ. ಒಂದು ದಿನ ರೆಕಾರ್ಡ್ ರೂಮಿನಲ್ಲಿ ಹಳೆಯ ಕಡತ ಹುಡುಕಿ ತೆಗೆದಳು. ‘ಪೂರ್ಣ ಒಪ್ಪಿಗೆಯಿಂದ ಕೊಟ್ಟಿರುತ್ತೇನೆ’ ಎಂದಿತ್ತು, ಕೆಳಗೆ ಅಪ್ಪನ ಹೆಬ್ಬೆಟ್ಟು. ಕಡತದಲ್ಲಿ ಉಳಿಯುವುದು ದುಭಾಷಿ ಹೇಳಿದ್ದು ಮಾತ್ರ. ಅಪ್ಪ ಆಡಿದ್ದು ಯಾವ ಕಾಗದದ ಮೇಲೂ ಇರಲಿಲ್ಲ. ಅಂದಿನ ಸಾಹೇಬರು ಸತ್ತಿದ್ದರು. ಇನ್ನು ಉಳಿದದ್ದು ಎರಡೇ ಜೊತೆ ಕಿವಿ, ಅವಳದೂ ಆ ಮನುಷ್ಯನದೂ. ಅವಳು ಮಗಳು. ಮಗಳ ಮಾತನ್ನು ಯಾರು ನಂಬುತ್ತಾರೆ?

ದೊಡ್ಡ ದುಭಾಷಿ ಹಾರ ಹಾಕಿಸಿಕೊಂಡು ನಿವೃತ್ತರಾದರು. ಅವಳು ಸ್ಟೂಲಿನ ಮೇಲೆ ಕೂತಳು, ಕಾದಳು.

ಹದಿನೇಳು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಮಗ ಅವಳನ್ನು ಹುಡುಕಿಕೊಂಡು ಬಂದ. ನ್ಯಾಯಾಲಯದ ಎದುರು ಪತ್ರ ಬರೆಯುವ ಅಂಗಡಿ ಇಟ್ಟಿದ್ದವನು, ದಿನಾ ಕಾಣುತ್ತಿದ್ದ ಮುಖ. ಅಪ್ಪನಿಗೆ ಲಕ್ವ ಹೊಡೆದಿದೆ, ಬಲಗಡೆ ಬಿದ್ದುಹೋಗಿದೆ, ಆಸ್ಪತ್ರೆಯಿಂದ ಮನೆಗೆ ತಂದು ನಾಲ್ಕು ದಿನವಾಯಿತು ಎಂದ. ನಾವು ಹೇಳುವುದೆಲ್ಲ ತಿಳಿಯುತ್ತದೆ, ಹೌದೋ ಅಲ್ಲವೋ ಗೊತ್ತಾಗದ ಹಾಗೆ ತಲೆ ಆಡಿಸುತ್ತಾರೆ. ಆದರೆ ಅವರು ಬಾಯಿ ಬಿಟ್ಟರೆ ನಮಗೆ ಒಂದಕ್ಷರ ಅರ್ಥವಾಗುವುದಿಲ್ಲ. ಬರೀ ಬಡಬಡಿಕೆ ಎಂದುಕೊಂಡಿದ್ದೆವು, ನಿಮ್ಮ ಜವಾನ ನೋಡಲು ಬಂದವನು ಅದು ಬೆಟ್ಟದ ಮಾತು ಅಂದ ಎಂದ.

“ಕೆಲಸಕ್ಕೇಂತ ಕಲಿತ ಭಾಷೆ ಉಳಿದು, ಸ್ವಂತ ಭಾಷೆ ಹೆಂಗೆ ಹೋಗತ್ತೆ ಮೇಡಂ?” ಎಂದು ಕೇಳಿದ.

ಅವಳಿಗೆ ಆಗಲೇ ಉತ್ತರ ಗೊತ್ತಿತ್ತು. ಬೆಟ್ಟದವರ ಗಂಟಲಿನ ಆಳದಿಂದ ಬರುವ ಒಂದು ಸದ್ದಿದೆ, ಕೆಳಗಿನವರಿಗೆ ಎಷ್ಟು ವರ್ಷ ಕಲಿತರೂ ಅದು ಬರುವುದಿಲ್ಲ. ದೊಡ್ಡ ದುಭಾಷಿ ಆ ಸದ್ದನ್ನು ಬೇಕೆಂದೇ ತಪ್ಪಾಗಿ ಹೊರಡಿಸುತ್ತಿದ್ದರು, ದಣಿದಾಗ ಮಾತ್ರ ಸರಿಯಾಗಿ ಬಂದುಬಿಡುತ್ತಿತ್ತು. ಆ ಮನುಷ್ಯ ಹುಟ್ಟಿದ್ದು ಮೇಲೆಯೇ.

ಮನೆ ಅಚ್ಚುಕಟ್ಟಾಗಿತ್ತು. ಒಳಕೋಣೆಯ ಮಂಚದ ಮೇಲೆ ಅವರು, ಪಕ್ಕದಲ್ಲಿ ಔಷಧಿಯ ಸೀಸೆಗಳು, ಗೋಡೆಯಲ್ಲಿ ನಿವೃತ್ತಿಯ ದಿನದ ಫೋಟೋ. ಸೊಸೆ ಬಟ್ಟೆ ಹಿಂಡಿ ಅವರ ಮುಖ ಒರೆಸುತ್ತಿದ್ದಳು. ಬೆಟ್ಟದ ಮೇಡಂ ಕಂಡದ್ದೇ ಮುದುಕರ ಕಣ್ಣು ತುಂಬಿ ಬಂತು. ನೀರು, ಮಗಳೇ, ನೀರು ಕೇಳಿ ಕೇಳಿ ಸಾಕಾಯಿತು ಎಂದರು ಬೆಟ್ಟದ ಮಾತಿನಲ್ಲಿ, ಆ ಗಂಟಲಿನ ಸದ್ದು ಸ್ಪಷ್ಟವಾಗಿ ಹೊರಡಿಸುತ್ತ.

“ಏನಂತೆ ಅಕ್ಕ?” ಎಂದಳು ಸೊಸೆ.

ಅವಳು ಮೊದಲೇ ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ತಾನಾಗಿಯೇ ಬಂತು. “ಚಳಿ ಆಗ್ತಿದೆಯಂತೆ. ಇನ್ನೊಂದು ಕಂಬಳಿ ಹೊದಿಸಬೇಕಂತೆ.”

ಸೊಸೆ ಓಡಿಹೋಗಿ ಕಂಬಳಿ ತಂದು ಕತ್ತಿನವರೆಗೆ ಹೊದಿಸಿದಳು. ಮುದುಕರು ಆ ಮಾತನ್ನು ಕೇಳಿಸಿಕೊಂಡರು, ಅವರಿಗೆ ಅದು ತಿಳಿಯಿತು. ಮೊದಲು ಅವಳನ್ನೇ ನೋಡಿದರು, ಅವಳ ಕಿವಿ ಮಂದವಾಗಿದೆಯೋ ಏನೋ ಎಂದು ಇನ್ನೊಮ್ಮೆ ನೀರು ಎಂದರು. “ಹೂಂ, ಈಗ ಬೆಚ್ಚಗಾಯ್ತಂತೆ,” ಎಂದಳು ಅವಳು. ಅವರ ಕಣ್ಣಲ್ಲಿ ಏನೋ ನಿಂತುಹೋಯಿತು. ಅದನ್ನು ನೋಡುತ್ತ ಅವಳಿಗೆ ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬಾ ಉಂಡ ಹಾಗಾಯಿತು. ಆ ಹಿತಕ್ಕೆ ಅವಳು ನಾಚಲಿಲ್ಲ.

ಅಂದಿನಿಂದ ಪ್ರತಿದಿನ ಸಂಜೆ ಕೆಲಸ ಮುಗಿಸಿಕೊಂಡು ಹೋದಳು. ಎಷ್ಟು ಒಳ್ಳೆಯವರು ನೀವು ಎಂದು ಸೊಸೆ ಚಹಾ ಮಾಡಿ ಕೊಡುತ್ತಿದ್ದಳು. ಊಟದ ಹೊತ್ತಿಗೆ ಹೇಗೂ ನೀರು ಕುಡಿಸುತ್ತಿದ್ದರು, ಮುದುಕರು ಅದರಿಂದ ಸಾಯುವಂತಿರಲಿಲ್ಲ. ಆದರೆ ಅವರು ಕೇಳಿದ್ದು ಯಾವುದೂ ಸಿಗಲಿಲ್ಲ. ಕಿಟಕಿ ತೆಗೆಯಿರಿ ಎಂದರೆ ಮುಚ್ಚಿಸಿದಳು. ಬಲಗಡೆ ಸೊಂಟ ಉರಿಯುತ್ತಿದೆ, ಎಡಕ್ಕೆ ಹೊರಳಿಸಿ ಎಂದರೆ, ಹೀಗೇ ಇರಲಿ ಅಂತಾರೆ ಎಂದಳು. ಮೂರನೆಯ ದಿನ ಸೊಸೆ ಅಡುಗೆಮನೆಗೆ ಹೋದಾಗ ಅವರು ಕೇಳಿದರು, ಯಾರ ಮಗಳು ನೀನು ಎಂದು.

ಅಪ್ಪನ ಹೆಸರು ಹೇಳಿದಳು. ಇಳಿಜಾರಿನ ಹೆಸರೂ ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡರು, ಮರೆತಿರಲಿಲ್ಲ. ಕ್ವಾರಿಯವರು ಏನು ಕೊಟ್ಟರು ನಿಮಗೆ ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಮೂವತ್ತೊಂದು ವರ್ಷ ಅವಳು ತಾನೇ ಬಗೆಬಗೆಯ ಉತ್ತರ ಕಟ್ಟಿಕೊಂಡಿದ್ದಳು.

“ಯಾರೂ ಏನೂ ಕೊಡ್ಲಿಲ್ಲ ಮಗಳೇ. ಅದಕ್ಕೆ ಹಿಂದಿನ ತಿಂಗಳು ಇನ್ನೊಂದು ಕೇಸಲ್ಲಿ ಆ ಎರಡು ಪದದ ಫರಕು ಬಿಡಿಸಿ ಹೇಳಿದ್ದೆ. ಇಷ್ಟು ಸೂಕ್ಷ್ಮ ನಿನಗೆ ಹೆಂಗೆ ಗೊತ್ತು, ನೀನೂ ಅವರೋನೇನಾ ಅಂತ ಸಾಹೇಬರು ನಕ್ಕರು. ಬೆಟ್ಟದವರನ್ನ ಆ ಕೆಲಸಕ್ಕೆ ತಗೊಳ್ತಿರಲಿಲ್ಲ ಆಗ, ತಮ್ಮೋರ ಪರ ಹೇಳ್ತಾರೆ ಅಂತ. ನಾನು ಸುಳ್ಳು ಊರು ಬರೆಸಿ ಸೇರಿದ್ದೆ. ನಿಮ್ಮಪ್ಪ ಸೂಮ ಅಂದಾಗ ಸಾಹೇಬರು ನನ್ನನ್ನೇ ನೋಡ್ತಿದ್ರು. ನನಗೆ ಹೆದರಿಕೆ ಆಯ್ತು.”

ಅಷ್ಟೇ. ಲಂಚವಿಲ್ಲ, ಒಳಸಂಚಿಲ್ಲ. ಒಬ್ಬ ಮನುಷ್ಯ ತಾನು ಯಾರೆಂಬುದು ಗೊತ್ತಾಗದಿರಲೆಂದು ಒಂದು ಪದ ನುಂಗಿದ್ದ. ಒಂದು ಊರೇ ಅದರ ಜೊತೆ ಹೋಗಿತ್ತು. ದೊಡ್ಡದೊಂದು ಕಾರಣವಾದರೂ ಇದ್ದಿದ್ದರೆ ಅವಳ ಸಿಟ್ಟಿಗೆ ಹೊರಗಿಕೊಳ್ಳಲು ಗೋಡೆ ಸಿಕ್ಕಿದ ಹಾಗಾಗುತ್ತಿತ್ತು.

ಇದನ್ನು ಸಾಹೇಬರ ಮುಂದೆ ಹೇಳಿ, ಹೆಬ್ಬೆಟ್ಟು ಒತ್ತಿ ಎಂದಳು. ಅವರು ಆಗುವುದಿಲ್ಲ ಎಂದರು. ಮಗನಿಗೆ, ಸೊಸೆಗೆ ತಾನು ಬೆಟ್ಟದವನೆಂದು ಗೊತ್ತಿಲ್ಲ, ಸತ್ತಮೇಲೆ ಏನಾದರೂ ಮಾಡಿಕೋ ಎಂದರು. ಸತ್ತವರ ಹೇಳಿಕೆ ಯಾರು ಬರೆದುಕೊಳ್ಳುತ್ತಾರೆ? ಅವಳು ಎದ್ದು ಬಾಗಿಲಿಗೆ ಹೋಗಿ ಸೊಸೆಗೆ ಕೂಗಿ ಹೇಳಿದಳು, ಮತ್ತೆ ಚಳಿಯಂತೆ.

ಇನ್ನೂ ಐದು ದಿನ ಹೀಗೇ ನಡೆಯಿತು. ಮುದುಕರು ಅವಳ ಎದುರು ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಒಂಬತ್ತನೆಯ ದಿನ ಸೊಸೆ ಬಾಗಿಲಲ್ಲೇ ಅವಳನ್ನು ತಡೆದಳು. ಕಣ್ಣು ಕೆಂಪಾಗಿತ್ತು. ಒಳಗೆ ಕರೆದುಕೊಂಡು ಹೋಗಿ ಮಾವನ ಬಲಗಡೆಯ ಪಂಚೆ ಸರಿಸಿ ತೋರಿಸಿದಳು. ಸೊಂಟದ ಮೂಳೆಯ ಮೇಲೆ ಅಂಗೈಯಗಲ ಚರ್ಮ ಕಿತ್ತು, ಕೀವು ಕಟ್ಟಿತ್ತು.

“ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಕ್ಕ. ಇಷ್ಟಾದ್ರೂ ನೋವು ಅಂತ ಒಂದ್ಸಲಾನೂ ಹೇಳಲಿಲ್ವಲ್ಲ ಇವರು?”

ಬೆಟ್ಟದ ಮೇಡಂ ಗೋಡೆ ಹಿಡಿದುಕೊಂಡಳು. ಸೇಡನ್ನು ಅವಳು ಇಷ್ಟು ವರ್ಷ ಮಾತಿನ ರೂಪದಲ್ಲಿ ಕಂಡಿದ್ದಳೇ ಹೊರತು ಅದಕ್ಕೆ ವಾಸನೆ ಇರುತ್ತದೆಂದು ಎಣಿಸಿರಲಿಲ್ಲ. ಅಪ್ಪನನ್ನು ನೆನೆಸಿಕೊಂಡು ಮನಸ್ಸು ಗಟ್ಟಿ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

“ಎಡಕ್ಕೆ ಹೊರಳಿಸಬೇಕಂತೆ. ಕಿಟಕಿ ತೆಗೀಬೇಕಂತೆ. ನೀರು ಬೇಕಂತೆ,” ಎಂದಳು. ಮುದುಕರು ಆವತ್ತು ಏನೂ ಕೇಳಿಯೇ ಇರಲಿಲ್ಲ.

ಸೊಸೆ ಗಾಯ ತೊಳೆದು, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಎಡಕ್ಕೆ ತಿರುಗಿ ಮಲಗಿದ್ದ ಮುದುಕರು ಗೋಡೆಯ ಕಡೆ ಮುಖ ಮಾಡಿಕೊಂಡೇ, ಕರೆಸು ಸಾಹೇಬರನ್ನು ಎಂದರು. ಅದು ಕೃತಜ್ಞತೆಯೋ, ಹೆದರಿಕೆಯೋ, ಬರೀ ಸುಸ್ತೋ ಅವಳಿಗೆ ಯಾವತ್ತೂ ತಿಳಿಯಲಿಲ್ಲ.

ಮರುದಿನ ಈಗಿನ ಸಾಹೇಬರ ಮುಂದೆ ನಿಂತು ಹಳೆಯ ಕಡತ ಇಟ್ಟು ಎಲ್ಲ ಹೇಳಿದಳು, ಕಂಬಳಿಯ ವಿಷಯ ಒಂದು ಬಿಟ್ಟು. ತಾನು ಈ ಹೆಬ್ಬೆಟ್ಟಿನವನ ಮಗಳು, ಆದ್ದರಿಂದ ಈ ಹೇಳಿಕೆಗೆ ತಾನು ದುಭಾಷಿಯಾಗಬಾರದು ಎಂದಳು. ಮತ್ತೆ ಯಾರಿದ್ದಾರೆ ಎಂದು ಸಾಹೇಬರು ಕೇಳಿದರು. ಬೆಟ್ಟದ ದಾರಿಯ ಅಂಚೆಯವನಿಗೆ ಎರಡೂ ಮಾತು ಬರುತ್ತದೆ ಎಂದಳು. ಅವನ ಹೆಸರನ್ನು ಅವಳು ಸುಮ್ಮನೆ ಹೇಳಲಿಲ್ಲ. ಅವನು ಸಾಲುಮನೆಯವನು. ಅಪ್ಪ ಸತ್ತ ದಿನ ಹೆಗಲು ಕೊಡು ಬಾ ಎಂದು ಅವಳು ಮೊದಲು ಹೋಗಿ ಕರೆದದ್ದು ಅವನನ್ನೇ. ಊರು ಮಾರಿದವನಿಗೆ ಊರಿನ ಹೆಗಲು ಯಾಕೆ ಎಂದು ಬಾಗಿಲು ಹಾಕಿಕೊಂಡಿದ್ದ.

ಶನಿವಾರ ಮಧ್ಯಾಹ್ನ ಒಳಕೋಣೆಯಲ್ಲಿ ಸಾಹೇಬರು, ಗುಮಾಸ್ತ, ಮಗ, ಸೊಸೆ, ಅಂಚೆಯವನು. ಅವಳು ಬಾಗಿಲ ಹತ್ತಿರ ನಿಂತಳು. ಮುದುಕರು ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಅಂಚೆಯವನು ತಿರುಗಿಸುತ್ತ ಹೋದ. ಹುಟ್ಟಿದ ಊರಿನ ಹೆಸರು ಬಂದಾಗ ಮಗ ತಲೆ ತಗ್ಗಿಸಿದ. ಆ ಊರು ಯಾವುದು ಎಂದು ಗುಮಾಸ್ತ ಕೇಳಿದ್ದಕ್ಕೆ, ಗಡಿಗಲ್ಲಿನ ಹತ್ತಿರದ್ದು, ಮೇಲೆ ಎಂದ ಅಂಚೆಯವನು. ಮಗ ಎದ್ದು ಹೊರಗೆ ಹೋದವನು ಮತ್ತೆ ಒಳಗೆ ಬರಲಿಲ್ಲ. ಆಮೇಲೆ ಇಳಿಜಾರಿನ ಮಾತು ಬಂತು.

“ಅವನು ಸೂಮ ಅಂದ. ಎರಡು ಸಲ ಅಂದ. ನಾನು ಕೊಟ್ಟಿದೀವಿ ಅಂತ ಹೇಳಿದೆ.”

ಅಂಚೆಯವನು ಬಾಯಿ ತೆರೆದವನು ಹಾಗೇ ನಿಂತ. ಸಾಹೇಬರು ಎರಡು ಸಲ ಕೇಳಬೇಕಾಯಿತು. ಅವನು ತಿರುಗಿ ಬಾಗಿಲ ಕಡೆ ನೋಡಿದ. ಅವಳು ಕಣ್ಣು ಕದಲಿಸಲಿಲ್ಲ. ಹೇಳಲಿ, ಅವನ ಬಾಯಿಂದಲೇ ಬರಲಿ, ಒಂದೊಂದು ಅಕ್ಷರವೂ ಅವನ ಗಂಟಲು ಕೊಯ್ದುಕೊಂಡು ಬರಲಿ. “ಎರವಲು ಕೊಟ್ಟಿದೀವಿ ಅಂತ... ಅಂದಿದ್ರಂತೆ, ಇವರಪ್ಪ,” ಎಂದ ಅಂಚೆಯವನು, ಕೊನೆಯ ಪದಗಳು ಕೇಳಿಸದಷ್ಟು ಸಣ್ಣಗೆ. ಜೋರಾಗಿ ಹೇಳಪ್ಪ ಎಂದ ಗುಮಾಸ್ತ. ಅವನು ಜೋರಾಗಿ ಹೇಳಿದ.

ಇನ್ನೇನಾದರೂ ಹೇಳುವುದಿದೆಯೇ ಎಂದು ಸಾಹೇಬರು ಪದ್ಧತಿಯಂತೆ ಕೇಳಿದರು. ಮುದುಕರು ಅವಳ ಕಡೆ ನೋಡಿದರು. ಈಗ ಅವರಿಗೆ ಇನ್ನೊಂದು ಬಾಯಿ ಸಿಕ್ಕಿತ್ತು. ಇದೆ ಎಂದರು. ಈ ಹುಡುಗಿ ಎಂಟು ದಿನ ನನ್ನ ಮಾತನ್ನು ತಿರುಚಿದಳು, ನೀರು ಎಂದರೆ ಕಂಬಳಿ ಎಂದಳು, ಹೊರಳಿಸಿ ಎಂದರೆ ಬೇಡವಂತೆ ಎಂದಳು, ಸೊಂಟದ ಗಾಯ ಅವಳದು ಎಂದರು.

ಕೋಣೆಯಲ್ಲಿ ಅದು ಅರ್ಥವಾದದ್ದು ಮೂವರಿಗೆ. ಅಂಚೆಯವನು ಅವಳ ಹತ್ತಿರ ಬಂದು ಬೆಟ್ಟದ ಮಾತಿನಲ್ಲಿ ಪಿಸುಗುಟ್ಟಿದ, ಇದನ್ನು ಬಿಟ್ಟುಬಿಡುತ್ತೇನೆ ತಂಗಿ, ಏನೂ ಇಲ್ಲವಂತೆ ಅಂತೀನಿ, ಇಷ್ಟಾದರೂ ಮಾಡುತ್ತೇನೆ ಎಂದ. ಅವನ ಸಾಲ ಅಷ್ಟು ಅಗ್ಗಕ್ಕೆ ತೀರುವುದು ಅವಳಿಗೆ ಬೇಕಿರಲಿಲ್ಲ.

“ಅವರು ಏನು ಹೇಳಿದ್ರೋ ಅದನ್ನೇ ಹೇಳು. ಒಂದು ಪದಾನೂ ಬಿಡಬೇಡ,” ಎಂದಳು, ಎಲ್ಲರಿಗೂ ಕೇಳುವ ಹಾಗೆ, ಕೆಳಗಿನ ಮಾತಿನಲ್ಲಿ.

ಅವನು ಹೇಳಿದ. ಗುಮಾಸ್ತ ಬರೆದುಕೊಂಡ. ಮುದುಕರ ಎಡಗೈ ಹೆಬ್ಬೆಟ್ಟು ಕಾಗದದ ಮೇಲೆ ಬಿತ್ತು. ಸೊಸೆ ಅವಳನ್ನು ಬೈಯಲಿಲ್ಲ. ಹತ್ತಿರ ಬಂದು, ಅವಳು ಕುಡಿದು ಅರ್ಧ ಬಿಟ್ಟಿದ್ದ ಚಹಾದ ಲೋಟವನ್ನು ಕಿಟಕಿಯ ಮೇಲಿಂದ ತೆಗೆದುಕೊಂಡು ಹೋಗಿ ಹಿತ್ತಲಿನ ಮೋರಿಗೆ ಸುರಿದಳು. ಆ ಸದ್ದು ಕೇಳಿಸಿತು. ಆ ಒಂದು ಕೆಲಸ ಬೆಟ್ಟದ ಮೇಡಂಗೆ ಮುಂದೆ ಬಂದ ಎಲ್ಲ ಆದೇಶಗಳಿಗಿಂತ ಹೆಚ್ಚು ಚುಚ್ಚಿತು.

ಆದೇಶಗಳು ಬೇಗ ಬಂದವು. ಮೊದಲು ಅಮಾನತು, ಮಳೆಗಾಲದ ಹೊತ್ತಿಗೆ ವಜಾ. ಅವಳು ಮೇಲ್ಮನವಿ ಹಾಕಲಿಲ್ಲ. ಹೇಳಿಕೆ ಹಳೆಯ ಕಡತಕ್ಕೆ ಸೇರಿತು. ಒಬ್ಬ ವಕೀಲರು ಅದನ್ನು ಹಿಡಿದು ಕ್ವಾರಿಯ ಗುತ್ತಿಗೆಯ ವಿರುದ್ಧ ದಾವೆ ಹೂಡಿದರು. ಇಳಿಜಾರು ಇದ್ದ ಜಾಗದಲ್ಲಿ ಈಗ ದೊಡ್ಡ ಗುಂಡಿ, ಗೆದ್ದರೂ ಸಿಗುವುದು ಅದೇ. ದೊಡ್ಡ ದುಭಾಷಿ ಐದು ತಿಂಗಳು ಬದುಕಿದ್ದರು. ಅವರ ಮಗ ಸಂಜೆ ಅಂಗಡಿ ಮುಚ್ಚಿ ಅಂಚೆಯವನ ಹತ್ತಿರ ಹೋಗಿ ನೀರು, ನೋವು, ಸಾಕು ಎಂಬಂಥ ಹತ್ತಿಪ್ಪತ್ತು ಪದ ಕಲಿತುಕೊಂಡನೆಂದು ಅವಳಿಗೆ ಗೊತ್ತಾಯಿತು. ಅವರು ಸತ್ತಾಗ ಅವಳು ಹೋಗಲಿಲ್ಲ. ಅತ್ತೂ ಇಲ್ಲ, ಹಗುರವೂ ಆಗಲಿಲ್ಲ. ಆ ಗಾಯ ಕೆಲವೊಮ್ಮೆ ಕಣ್ಣ ಮುಂದೆ ಬರುತ್ತಿತ್ತು. ಅಪ್ಪನ ಕೈಗಾಡಿಯೂ ಬರುತ್ತಿತ್ತು. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಹೇಳಿಕೆ ಆದ ಮರುದಿನವೇ ಅವಳು ಬಟ್ಟೆಬರೆ ಕಟ್ಟಿಕೊಂಡು ಸಾಲುಮನೆಗೆ, ಅಮ್ಮನ ಹತ್ತಿರ ಬಂದಿದ್ದಳು. ಅಮ್ಮ ಹೊಸ್ತಿಲಲ್ಲಿ ಕೂತು ಹರಿದ ಚೀಲ ಹೊಲಿಯುತ್ತಿದ್ದಳು. ಅವಳು ಎಲ್ಲವನ್ನೂ ಹೇಳಿದಳು, ಕಂಬಳಿಯನ್ನೂ. ಅಮ್ಮ ಸೂಜಿ ನಿಲ್ಲಿಸದೆ ಕೇಳಿದಳು. ಕೊನೆಗೆ ಕೇಳಿದ್ದು ಒಂದೇ: ಎಲ್ಲರ ಎದುರಿಗೆ ಹೇಳಿದನಾ? ಹೌದು ಎಂದಳು.

ಅಷ್ಟರಲ್ಲಿ ಅಂಚೆಯವನು ಸಾಲಿನುದ್ದಕ್ಕೂ ಮನೆಮನೆಗೂ ಹೇಳಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವರು ಬಂದರು. ಮುದುಕರು, ಮುದುಕಿಯರು, ಆಗ ಹುಟ್ಟಿರದಿದ್ದವರೂ. ಮುಂದೆ ಅಂಚೆಯವನು, ಅವನ ಹಿಂದೆ ನಲ್ಲಿಯ ಹತ್ತಿರ ಕೊಡ ಎತ್ತಿಕೊಂಡು ಹೋಗುತ್ತಿದ್ದ ಹೆಂಗಸರು, ಈಗ ಹಲ್ಲಿಲ್ಲದವರು. ಅಮ್ಮ ಅವರು ಬರುವುದನ್ನು ದೂರದಿಂದಲೇ ನೋಡಿದಳು. ಚೀಲ, ದಾರ ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿ ಅಗುಳಿ ಜಡಿದಳು.

ಹೊರಗಿನಿಂದ ಅತ್ತಿಗೆ ಎಂದರು, ಅಕ್ಕ ಎಂದರು, ದೊಡ್ಡಮ್ಮ ಎಂದರು. ಇಷ್ಟು ವರ್ಷ ಸತ್ತಿದ್ದ ನೆಂಟಸ್ತಿಕೆಗಳೆಲ್ಲ ಒಂದೇ ಸಲ ಎದ್ದು ಕೂತಿದ್ದವು. ತಪ್ಪಾಯಿತು ಎಂದು ಯಾರೋ ಅತ್ತರು. ಮಗಳು ಅಗುಳಿಗೆ ಕೈ ಹಾಕಿದಳು.

“ಬಿಡು ಅದನ್ನ,” ಎಂದಳು ಅಮ್ಮ. “ಇಪ್ಪತ್ಮೂರು ವರ್ಷದಿಂದ ಒಬ್ಬರೂ ಈ ಬಾಗಿಲು ಬಡಿದಿಲ್ಲ. ಸ್ವಲ್ಪ ದಿನ ಬಡೀಲಿ. ಕೇಳ್ಬೇಕು ನನಗೆ.”

ಎಷ್ಟು ದಿನ ಎಂದು ಮಗಳು ಕೇಳಿದಳು. ನನಗೆ ಸಾಕು ಅನ್ನಿಸುವ ತನಕ ಎಂದಳು ಅಮ್ಮ. ಗೋಡೆಯ ಪಕ್ಕ ಚಾಪೆ ಹಾಸಿ, ತೋಳನ್ನೇ ದಿಂಬು ಮಾಡಿಕೊಂಡು, ಹಾಡಹಗಲಲ್ಲಿ ಎಂದೂ ಮಲಗದವಳು ಬಾಗಿಲ ಕಡೆ ಮುಖ ಮಾಡಿ ಆರಾಮಾಗಿ ಮಲಗಿದಳು. ಹೊರಗೆ ಜನ ಒಬ್ಬೊಬ್ಬರಾಗಿ ಬಿಸಿಲಲ್ಲೇ ನೆಲಕ್ಕೆ ಕೂರುವ ಸದ್ದು ಕೇಳಿಸುತ್ತಿತ್ತು.